ಕೇಳಿದ್ದು 20 ಲಕ್ಷ, ಕೊಟ್ಟಿದ್ದು 12: ಹಳೆಯ ಸಹಕಾರಿ ಬ್ಯಾಂಕಿನ ಬಿಗಿ ಕೈ ಹಿಂದಿನ ಲೆಕ್ಕ

ಪ್ರಶ್ನೆ: ನಾನು ರಬಕವಿ-ಬನಹಟ್ಟಿಯಲ್ಲಿ ಎಂಟು ಪವರ್‌ಲೂಮ್ ಇಟ್ಟುಕೊಂಡಿದ್ದೇನೆ. ಊರಿನ ಹಳೆಯ ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ನಮ್ಮ ತಂದೆಯವರ ಕಾಲದಿಂದ ಖಾತೆ ಇದೆ. ನನ್ನ ಹೆಸರಿನಲ್ಲಿ 9 ಲಕ್ಷ ಠೇವಣಿಯೂ ಇದೆ. ನಾಲ್ಕು ಹೊಸ ರೇಪಿಯರ್ ಮಗ್ಗಕ್ಕೆ 20 ಲಕ್ಷ ಸಾಲ ಕೇಳಿದೆ. ತಿಂಗಳುಗಟ್ಟಲೆ ಓಡಾಡಿಸಿದರು. ಇಬ್ಬರು ಜಾಮೀನುದಾರರನ್ನು ಕೇಳಿದರು. ಆರು ಎಕರೆ ಕಬ್ಬಿನ ಹೊಲ ಅಡ ಇಡುತ್ತೇನೆ ಅಂದರೂ ಒಪ್ಪಲಿಲ್ಲ. ಕೊನೆಗೆ 12 ಲಕ್ಷ ಮಂಜೂರಾಯಿತು. ಮನೆ ಖರ್ಚು, ಮಗ್ಗದ ಖರ್ಚು ಎಲ್ಲ ಕಳೆದು ನನಗೆ ತಿಂಗಳಿಗೆ ಸುಮಾರು 40 ಸಾವಿರ ಉಳಿಯುತ್ತದೆ. ಇತ್ತೀಚೆಗೆ ಶುರುವಾದ ಒಂದು ಸೌಹಾರ್ದ ಸಹಕಾರಿಯವರು ಮೂರೇ ದಿನದಲ್ಲಿ ಪೂರ್ತಿ 20 ಲಕ್ಷ ಕೊಡುತ್ತೇವೆ, ಬಡ್ಡಿ 15 ಪರ್ಸೆಂಟ್, ನಿಮ್ಮ ಠೇವಣಿ ಇಲ್ಲಿಗೆ ತಂದರೆ ಅಲ್ಲಿಗಿಂತ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಅನ್ನುತ್ತಿದ್ದಾರೆ. ನಮ್ಮ ರೊಕ್ಕ ಇಟ್ಟುಕೊಂಡು ನಮಗೇ ಸಾಲ ಕೊಡಲು ಹೆದರುವ ಈ ಬ್ಯಾಂಕು ನಡೆಯುವುದಾದರೂ ಹೇಗೆ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಈ ಮಾತನ್ನು ಟೇಬಲ್ಲಿನ ಆ ಕಡೆಯಿಂದ ತುಂಬಾ ಸಲ ಕೇಳಿದ್ದೇನೆ. ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಸಾಲ ಕಡಿಮೆ ಕೊಟ್ಟರು, ಠೇವಣಿಗೆ ಬಡ್ಡಿ ಕಡಿಮೆ ಕೊಡುತ್ತಾರೆ. ಎರಡರ ಬೇರೂ ಒಂದೇ ಕಡೆ ಇದೆ. ನಿಮ್ಮ 9 ಲಕ್ಷದ ದೊಡ್ಡ ಪಾಲನ್ನು ಅವರು ಬೇರೆ ಯಾರಿಗೋ ಸಾಲ ಕೊಟ್ಟಿದ್ದಾರೆ. ಆ ಮನುಷ್ಯನೂ ಒಂದು ದಿನ ನಿಮ್ಮ ಹಾಗೆಯೇ ಬಂದು ಪೂರ್ತಿ ಕೊಡಿ ಎಂದು ಕೂತಿದ್ದ. ಅವನ ಅರ್ಜಿಗೂ ಇದೇ ಕತ್ತರಿ ಬಿದ್ದಿರುತ್ತದೆ. ನಿಮ್ಮ ಠೇವಣಿ ಇಷ್ಟು ವರ್ಷ ಚಿಂತೆಯಿಲ್ಲದೆ ಕೂತಿದೆ ಅಂದರೆ ಆ ಕತ್ತರಿಯ ಪಾಲು ಅದರಲ್ಲಿದೆ.

ಮೊದಲು ಈ ಬ್ಯಾಂಕು ಯಾರದ್ದು ಎಂಬುದನ್ನು ನೋಡೋಣ. ಖಾಸಗಿ ಬ್ಯಾಂಕಿನ ಷೇರು ಪೇಟೆಯಲ್ಲಿ ಏರುತ್ತದೆ, ಇಳಿಯುತ್ತದೆ. ಬ್ಯಾಂಕು ಧೈರ್ಯ ಮಾಡಿ ಗೆದ್ದರೆ ಷೇರುದಾರನೂ ಶ್ರೀಮಂತನಾಗುತ್ತಾನೆ. ಸಹಕಾರಿ ಬ್ಯಾಂಕಿನಲ್ಲಿ ಹಾಗಿಲ್ಲ. ನೀವು 100 ರೂಪಾಯಿಯ ಷೇರು ಕೊಂಡರೆ, ಬಿಟ್ಟು ಹೋಗುವಾಗ ಸಿಗುವುದು ಅದೇ 100 ರೂಪಾಯಿ. ನಡುವೆ ಸ್ವಲ್ಪ ಡಿವಿಡೆಂಡ್. ಸಾವಿರ ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಓಟು. ಲಾಭದಲ್ಲಿ ಕನಿಷ್ಠ ಕಾಲು ಭಾಗ ಮೀಸಲು ನಿಧಿಗೆ ಹೋಗಬೇಕು. ಆ ಮೀಸಲು ಯಾರ ಮನೆಗೂ ಹೋಗುವುದಿಲ್ಲ. ಅಂದರೆ ರಿಸ್ಕ್ ತಗೊಂಡು ದೊಡ್ಡ ಲಾಭ ಮಾಡಿದರೆ ಅದನ್ನು ಅನುಭವಿಸುವವರು ಯಾರೂ ಇಲ್ಲ. ಮುಳುಗಿದರೆ ಮಾತ್ರ ಊರಿಗೆ ಊರೇ ಅಳಬೇಕು. ಜೊತೆಗೆ ಬಂಡವಾಳ ಕಡಿಮೆ ಬಿದ್ದರೆ ಪೇಟೆಗೆ ಹೋಗಿ ಎತ್ತಲು ಆಗುವುದಿಲ್ಲ. ಸದಸ್ಯರಿಂದ ಚೂರುಚೂರಾಗಿ ಕೂಡಿಸಬೇಕು, ಇಲ್ಲವೇ ಲಾಭದಿಂದ ನಿಧಾನಕ್ಕೆ ಬೆಳೆಸಬೇಕು. ಇಂಥ ಸಂಸ್ಥೆ ಹೆದರುಪುಕ್ಕಲನ ಹಾಗೆ ನಡೆದುಕೊಂಡರೆ ಅದು ಅದರ ಕಟ್ಟಡದಲ್ಲೇ ಇರುವ ಗುಣ. ಮ್ಯಾನೇಜರ್ ಸಾಹೇಬರ ಸ್ವಭಾವವನ್ನು ದೂರಿ ಪ್ರಯೋಜನವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀವು 100 ರೂಪಾಯಿ ಠೇವಣಿ ಇಟ್ಟಿರಿ ಎಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 3 ರೂಪಾಯಿಯನ್ನು ನಗದು ಮೀಸಲಾಗಿ ತೆಗೆದಿಡಬೇಕು. ಅದಕ್ಕೆ ಬಡ್ಡಿಯೇ ಇಲ್ಲ. 2025ರ ಕೊನೆಯವರೆಗೆ ಇದನ್ನು 4ರಿಂದ 3ಕ್ಕೆ ಇಳಿಸುತ್ತಾ ಬಂದರು. ಇನ್ನು 18 ರೂಪಾಯಿ ಸರ್ಕಾರಿ ಸಾಲಪತ್ರಗಳಂಥ ಭದ್ರ ಜಾಗದಲ್ಲಿರಬೇಕು. ಎಚ್ಚರದ ಬ್ಯಾಂಕು ಇದಕ್ಕಿಂತ ಜಾಸ್ತಿಯೇ ಇಡುತ್ತದೆ. ನಿಮ್ಮ 100ರಲ್ಲಿ 62 ರೂಪಾಯಿ ಸಾಲಕ್ಕೆ ಹೋಯಿತು, 35 ಸಾಲಪತ್ರಗಳಿಗೆ ಮತ್ತು ಬೇರೆ ಬ್ಯಾಂಕಿನ ಠೇವಣಿಗೆ ಹೋಯಿತು ಎಂದು ಹಿಡಿಯೋಣ. ಸಾಲಕ್ಕೆ 11.5 ಪರ್ಸೆಂಟ್ ಬಡ್ಡಿ ಬಂದರೆ 7 ರೂಪಾಯಿ 13 ಪೈಸೆ. ಉಳಿದದ್ದಕ್ಕೆ 6.8 ಪರ್ಸೆಂಟ್ ಸಿಕ್ಕರೆ 2 ರೂಪಾಯಿ 38 ಪೈಸೆ. ಒಟ್ಟು ಒಂಬತ್ತೂವರೆ ರೂಪಾಯಿ. ಇದರಲ್ಲಿ ನಿಮಗೆ 7 ರೂಪಾಯಿ ಬಡ್ಡಿ ಕೊಡಬೇಕು. ಉಳಿದ ಎರಡೂವರೆ ರೂಪಾಯಿಯಲ್ಲಿ ಸಂಬಳ, ಬಾಡಿಗೆ, ಕಂಪ್ಯೂಟರ್, ಪಿಗ್ಮಿ ಏಜೆಂಟರ ಕಮಿಷನ್, ಠೇವಣಿ ವಿಮೆಯ ಕಂತು. ಒಂದು ರೂಪಾಯಿ 60 ಪೈಸೆ ಅಲ್ಲಿಗೆ ಹೋದರೆ ಕೈಯಲ್ಲಿ ಉಳಿಯುವುದು 90 ಪೈಸೆ. ಬಡ್ಡಿ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತದೆ, ಇದು ತಿಳಿಯಲಿ ಎಂದು ಹಾಕಿದ ಲೆಕ್ಕ ಅಷ್ಟೇ. ಆದರೆ ಚಿತ್ರ ಹೆಚ್ಚು ಕಡಿಮೆ ಹೀಗೇ ಇರುತ್ತದೆ.

ಈ 90 ಪೈಸೆಯನ್ನು ನೆನಪಲ್ಲಿಡಿ. ಒಬ್ಬ ಸಾಲಗಾರ 5 ಲಕ್ಷ ಮುಳುಗಿಸಿದ ಎಂದರೆ, ಸುಮಾರು ಐದೂವರೆ ಕೋಟಿ ಠೇವಣಿ ಇಡೀ ವರ್ಷ ದುಡಿದು ಉಳಿಸಿದ್ದು ಅವನೊಬ್ಬನಿಗೆ ಹೋಯಿತು. ಅದಕ್ಕೇ ಸಾಲದ ಅಧಿಕಾರಿ ಹತ್ತು ಒಳ್ಳೆಯ ಅರ್ಜಿ ತಪ್ಪಿದರೂ ಪರವಾಗಿಲ್ಲ, ಒಂದು ಕೆಟ್ಟದ್ದು ಒಳಗೆ ಬರಬಾರದು ಎಂದು ಕೂರುವುದು. ಒಳ್ಳೆಯ ಅರ್ಜಿ ಬಿಟ್ಟರೆ ಹೋಗುವುದು ಪೈಸೆ. ಕೆಟ್ಟದ್ದು ಬಂದರೆ ಹೋಗುವುದು ಅಸಲು.

ನಿಮ್ಮ 12 ಲಕ್ಷ ಎಲ್ಲಿಂದ ಬಂತು ಎಂಬುದನ್ನೂ ನಾನು ಊಹಿಸಬಲ್ಲೆ. ನಿಮಗೆ ತಿಂಗಳಿಗೆ 40 ಸಾವಿರ ಉಳಿಯುತ್ತದೆ. ಬ್ಯಾಂಕು ಇದನ್ನು ಪೂರ್ತಿ ಕಂತಿಗೆ ಎಂದು ಲೆಕ್ಕ ಹಾಕುವುದಿಲ್ಲ. ಕಂತಿನ ಒಂದೂವರೆ ಪಟ್ಟು ಆದಾಯ ಇರಬೇಕು ಎನ್ನುವುದು ಎಷ್ಟೋ ಕಡೆ ಒಳಗಿನ ಅಳತೆ. 40 ಸಾವಿರವನ್ನು ಒಂದೂವರೆಯಿಂದ ಭಾಗಿಸಿದರೆ ಸುಮಾರು 26,700. 12 ಪರ್ಸೆಂಟ್ ಬಡ್ಡಿಯಲ್ಲಿ ಐದು ವರ್ಷಕ್ಕೆ 12 ಲಕ್ಷದ ತಿಂಗಳ ಕಂತು ಸರಿಯಾಗಿ ಅಷ್ಟೇ ಬರುತ್ತದೆ. ಅದೇ ದರದಲ್ಲಿ 20 ಲಕ್ಷಕ್ಕೆ ಕಂತು 44,500 ಹತ್ತಿರ. ನಿಮಗೆ ಉಳಿಯುವುದಕ್ಕಿಂತ ಜಾಸ್ತಿ. ಇನ್ನು ಸೌಹಾರ್ದದವರ 15 ಪರ್ಸೆಂಟಿನಲ್ಲಿ 47,500 ದಾಟುತ್ತದೆ. ಹೊಸ ಮಗ್ಗ ಮೊದಲ ತಿಂಗಳಿನಿಂದಲೇ ಚೆನ್ನಾಗಿ ದುಡಿದರೆ ಮಾತ್ರ ಈ ಕಂತು ಕಟ್ಟಬಹುದು. ನೂಲಿನ ರೇಟು ಏರಿತು, ಸೀರೆ ವ್ಯಾಪಾರಿ ಎರಡು ತಿಂಗಳು ರೊಕ್ಕ ತಡ ಮಾಡಿದ, ಒಬ್ಬ ನೇಕಾರ ಕೆಲಸ ಬಿಟ್ಟ. ಇದರಲ್ಲಿ ಯಾವುದು ನಿಮ್ಮ ಊರಲ್ಲಿ ಆಗದ ಮಾತು?

ಜಾಮೀನುದಾರರ ವಿಷಯಕ್ಕೆ ಎಲ್ಲರಿಗೂ ಬೇಸರ. ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ, ಒಂದು ರೂಪಾಯಿಯೂ ಕಡಿಮೆಯಿಲ್ಲ. 1872ರ ಕಾಂಟ್ರಾಕ್ಟ್ ಕಾಯ್ದೆಯ 128ನೇ ಕಲಂ ಅದನ್ನೇ ಹೇಳುತ್ತದೆ. ಆದರೆ ನನ್ನ ಅನುಭವದಲ್ಲಿ ಜಾಮೀನುದಾರನಿಂದ ಬ್ಯಾಂಕಿಗೆ ಸಿಗುವ ದೊಡ್ಡ ಲಾಭ ರೊಕ್ಕವಲ್ಲ, ಸುದ್ದಿ. ನಿಮ್ಮ ಓಣಿಯ ಇಬ್ಬರು ಗೃಹಸ್ಥರು ನಿಮಗಾಗಿ ಸಹಿ ಹಾಕಲು ಬಂದರೋ ಇಲ್ಲವೋ, ಬಂದವರು ಯಾರು. ಇದು ಸಾಲ ಕಟ್ಟಿದ ದಾಖಲೆಗೆ ಕೊಡುವ ಸಿಬಿಲ್ ಸ್ಕೋರಿನಲ್ಲಿ ಬರುವುದಿಲ್ಲ. ಕೈಸಾಲ, ಚೀಟಿ, ನೂಲಿನ ಅಂಗಡಿಯ ಉದ್ರಿ ಯಾವುದೂ ಸಿಬಿಲ್‌ನಲ್ಲಿ ಕಾಣುವುದಿಲ್ಲ. ಬನಹಟ್ಟಿಯಲ್ಲಿ ಯಾರು ಯಾರಿಗೆ ನೂಲು ಉದ್ರಿ ಕೊಡುವುದನ್ನು ನಿಲ್ಲಿಸಿದ್ದಾರೆ ಎಂಬುದು ಮುಂಬೈಯಲ್ಲಿರುವ ಕಂಪ್ಯೂಟರಿಗೆ ಗೊತ್ತಾಗುವ ಹೊತ್ತಿಗೆ ಊರಿಗೆ ಹಳೆಯ ಕತೆ.

ಪಿಗ್ಮಿ ಏಜೆಂಟನ ಕೆಲಸವೂ ಇದೇ ಥರದ್ದು. ಹೊರಗಿನವರಿಗೆ ಪಿಗ್ಮಿ ದುಬಾರಿ ಠೇವಣಿ ಅನ್ನಿಸುತ್ತದೆ. ದಿನಾ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ನೂರು, ಇನ್ನೂರು ಕೂಡಿಸಬೇಕು, ಅದಕ್ಕೆ ಕಮಿಷನ್ ಕೊಡಬೇಕು. ಆದರೆ ದಿನಾ 500 ಕಟ್ಟುತ್ತಿದ್ದ ಅಂಗಡಿಯವನು 200ಕ್ಕೆ ಇಳಿದರೆ, ಆಮೇಲೆ "ನಾಳೆ ಬರ್ರಿ" ಅನ್ನಲು ಶುರು ಮಾಡಿದರೆ, ಸಾಲದ ಕಂತು ತಪ್ಪುವ ಎರಡು ತಿಂಗಳು ಮೊದಲೇ ಬ್ಯಾಂಕಿಗೆ ಗೊತ್ತಾಗಿರುತ್ತದೆ. ಇಷ್ಟು ಅಗ್ಗದ ಎಚ್ಚರಿಕೆ ಗಂಟೆ ಬಹಳಷ್ಟು ದೊಡ್ಡ ಬ್ಯಾಂಕುಗಳಿಗೆ ಇಲ್ಲ. ಇನ್ನೊಂದು ಮಾತು, ಸಣ್ಣ ಠೇವಣಿದಾರರು ಸಾವಿರಾರು ಜನ ಇದ್ದರೆ ಎಲ್ಲರೂ ಒಂದೇ ದಿನ ಬಂದು ಕೇಳುವುದು ಅಪರೂಪ. ಒಂದು ಟ್ರಸ್ಟು, ಒಂದು ಕಾರ್ಖಾನೆಯ ದೊಡ್ಡ ಠೇವಣಿ ಮೇಲೆ ನಿಂತ ಬ್ಯಾಂಕು ಅವರ ಒಂದು ಪತ್ರಕ್ಕೆ ನಡುಗುತ್ತದೆ.

ಕಬ್ಬಿನ ಹೊಲ ಯಾಕೆ ಒಪ್ಪಲಿಲ್ಲ? ಆರು ಎಕರೆ ನೀರಾವರಿ ಅಂದರೆ ನಿಮ್ಮ ಮಗ್ಗಕ್ಕಿಂತ ಎಷ್ಟೋ ಪಟ್ಟು ಬೆಲೆ. ಆದರೆ ಸಾಲ ಕೆಟ್ಟಾಗ ಬ್ಯಾಂಕಿನ ಕೈಯಲ್ಲಿರುವ ಚುರುಕಾದ ಅಸ್ತ್ರ ಎಂದರೆ 2002ರ ಸರ್ಫೇಸಿ ಕಾಯ್ದೆ. ಕೋರ್ಟಿಗೆ ಹೋಗದೆ 60 ದಿನದ ನೋಟಿಸ್ ಕೊಟ್ಟು ಅಡ ಇಟ್ಟ ಆಸ್ತಿ ವಶಕ್ಕೆ ತಗೊಳ್ಳಬಹುದು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2020ರ ಮೇನಲ್ಲಿ ಸ್ಪಷ್ಟ ಮಾಡಿತು. ಆದರೆ ಸಾಗುವಳಿ ಜಮೀನು ಈ ಕಾಯ್ದೆಯ ಹೊರಗೆ. ಅಲ್ಲಿ ಉಳಿಯುವ ದಾರಿ ಸಹಕಾರ ಕಾಯ್ದೆಯ 70ನೇ ಕಲಂ ದಾವೆ, ಆಮೇಲೆ ಅಮಲ್ಜಾರಿ, ಅಂದರೆ ತೀರ್ಪಿನಂತೆ ವಸೂಲಿ. ಆಗುತ್ತದೆ, ವರ್ಷಗಳು ಹಿಡಿಯುತ್ತವೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಸಾಲದ ಬೋಜಾ ಏರಿಸಿದ್ದೇವೆ ಎಂಬ ಸಮಾಧಾನ ಬಿಟ್ಟರೆ ಸಿಗುವುದು ಕಡಿಮೆ. ಮೇಲಾಗಿ ಊರಲ್ಲಿ ರೈತನ ಹೊಲ ಹರಾಜಿಗೆ ಇಟ್ಟರೆ ಕೂಗುವವರು ಯಾರೂ ಮುಂದೆ ಬರುವುದಿಲ್ಲ. ನಿಮ್ಮ ಹೊಲ ಕೃಷ್ಣಾ ದಂಡೆಗೆ ಇದ್ದರೆ ಇನ್ನೊಂದು ತೊಡಕು. ಆಲಮಟ್ಟಿಯ ಎತ್ತರವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಯೋಜನೆಯಲ್ಲಿ ಮುಳುಗಡೆಯಾಗುವ ಜಮೀನು ಬಾಗಲಕೋಟೆ ಜಿಲ್ಲೆಯಲ್ಲಿ ತುಂಬಾ ಇದೆ. ಪರಿಹಾರ ಬಂದರೂ ಅಣ್ಣ ತಮ್ಮಂದಿರ ತಕರಾರು, ಕೋರ್ಟು ಎಂದು ಎಳೆಯುತ್ತದೆ. ಅಂಥ ಸರ್ವೆ ನಂಬರು ಕಂಡರೆ ಸಾಲದ ಅಧಿಕಾರಿ ಫೈಲು ಮುಚ್ಚಿಬಿಡುತ್ತಾನೆ.

ಇನ್ನು ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಇದು ನಿಮ್ಮ ಬ್ಯಾಂಕಿನ ಯಾವ ಪತ್ರದಲ್ಲೂ ಬರೆದಿರುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮ ಒಬ್ಬನೇ ಸಾಲಗಾರನ ಮೇಲೆ ಜಾಸ್ತಿ ಭಾರ ಹಾಕಬೇಡಿ ಅನ್ನುತ್ತದೆ. ಪಟ್ಟಣ ಸಹಕಾರಿ ಬ್ಯಾಂಕು ಒಬ್ಬನಿಗೆ ಕೊಡುವ ಸಾಲ ಅದರ ಮೊದಲ ದರ್ಜೆಯ ಬಂಡವಾಳದ, ಅಂದರೆ ಷೇರು ಮತ್ತು ಮೀಸಲಿನ, 15 ಪರ್ಸೆಂಟ್ ದಾಟಬಾರದು. ಒಂದೇ ಮನೆತನದ ಅಥವಾ ಒಂದೇ ಗುಂಪಿನ ಕಂಪನಿಗಳಿಗೆ ಸೇರಿ 25 ಪರ್ಸೆಂಟ್. ಆ ಬಂಡವಾಳ 20 ಕೋಟಿ ಇದ್ದರೆ ಒಬ್ಬನಿಗೆ 3 ಕೋಟಿ, ಗುಂಪಿಗೆ 5 ಕೋಟಿ. ಈ ನಿಯಮ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಯ ಪಿಎಂಸಿ ಬ್ಯಾಂಕ್ ಸಾಕು. ಸಾಲದ ಶೇ 70ಕ್ಕೂ ಹೆಚ್ಚು ಒಂದೇ ಬಿಲ್ಡರ್ ಗುಂಪಿಗೆ ಹೋಗಿತ್ತು. ಅದನ್ನು ಮುಚ್ಚಿಡಲು ಸುಳ್ಳು ಖಾತೆಗಳನ್ನು ಮಾಡಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದು ಬರೀ 1,000 ರೂಪಾಯಿ. ಮರುವರ್ಷ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಮಿತಿ 35,000 ಆಯಿತು.

ಆದರೆ ನಮ್ಮ ಕಡೆಯ ಅಪಾಯ ಬೇರೆ ಥರ. ರಬಕವಿ, ತೇರದಾಳ, ಮಹಾಲಿಂಗಪುರ, ಮುಧೋಳ, ಜಮಖಂಡಿ, ಆಚೆ ಗೋಕಾಕ, ಅಥಣಿ, ರಾಯಬಾಗ. ಇಲ್ಲೆಲ್ಲ ಒಂದು ಬ್ಯಾಂಕು ಐನೂರು ಜನರಿಗೆ ಸಾಲ ಕೊಟ್ಟಿದೆ ಎಂದುಕೊಳ್ಳಿ. ಪುಸ್ತಕದಲ್ಲಿ ನೋಡಿದರೆ ಟ್ರ್ಯಾಕ್ಟರ್ ಸಾಲ ಬೇರೆ, ಕಿರಾಣಿ ಅಂಗಡಿಯ ಕ್ಯಾಶ್ ಕ್ರೆಡಿಟ್ (ಬೇಕಾದಾಗ ಎತ್ತಿ, ಬಂದಾಗ ಕಟ್ಟುವ ಸಾಲ) ಬೇರೆ, ಮಗ್ಗದ ಸಾಲ ಬೇರೆ, ಮನೆ ಸಾಲ ಬೇರೆ. ಚೆನ್ನಾಗಿ ಹಂಚಿದ್ದಾರೆ ಅನ್ನಿಸುತ್ತದೆ. ಈಗ ಸಕ್ಕರೆ ಕಾರ್ಖಾನೆ ಕಬ್ಬಿನ ಬಿಲ್ ತಡ ಮಾಡಿತು ಎಂದುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಬರಬೇಕು, ತಪ್ಪಿದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಕೊಡಬೇಕು. ಹಾಗೆ ಬರುವುದಾಗಿದ್ದರೆ ರೈತರು ರಸ್ತೆಗೆ ಇಳಿಯುವುದೇ ಇರಲಿಲ್ಲ. ಬಿಲ್ ತಡವಾದಾಗ ಮೊದಲು ಟ್ರ್ಯಾಕ್ಟರ್ ಕಂತು ನಿಲ್ಲುತ್ತದೆ. ಆಮೇಲೆ ಕಿರಾಣಿ ಉದ್ರಿ ಬೆಳೆಯುತ್ತದೆ. ಮದುವೆ ಮುಂದಕ್ಕೆ ಹೋಗುತ್ತದೆ, ಸೀರೆ ಅಂಗಡಿ ತಣ್ಣಗಾಗುತ್ತದೆ. ಸರಾಫ ಕಟ್ಟೆಯಲ್ಲಿ ಮಂದಿ ಬಂಗಾರ ಕೊಳ್ಳುವ ಬದಲು ಅಡ ಇಡಲು ಬರುತ್ತಾರೆ. ನೀವು ನೇಯ್ದ ಸೀರೆಯಲ್ಲಿ ಬಹಳಷ್ಟು ಹೊರಗಿನ ಪೇಟೆಗೆ ಹೋಗುತ್ತದೆ, ಸರಿ. ಆದರೆ ನಿಮ್ಮ ಆರು ಎಕರೆಯ ಬಿಲ್ಲೂ ಬಂದಿಲ್ಲ, ನೀವು ನಂಬಿದ ಜಾಮೀನುದಾರನ ಬಿಲ್ಲೂ ಬಂದಿಲ್ಲ, ಅಲ್ವಾ? ಬ್ಯಾಂಕಿನ ಪುಸ್ತಕದಲ್ಲಿ ಐನೂರು ಸಾಲ, ನಿಜದಲ್ಲಿ ಒಂದೇ ಸಾಲ, ಕಬ್ಬಿನ ಮೇಲೆ.

ನೀರಿನದ್ದೂ ಅದೇ ಕತೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದಾಗ ಸಾಲಗಾರನ ಮನೆ, ಮಗ್ಗ, ಹೊಲ, ಅವನ ಜಾಮೀನುದಾರನ ಅಂಗಡಿ ಎಲ್ಲ ಒಂದೇ ವಾರದಲ್ಲಿ ನೀರಿನಲ್ಲಿ ನಿಂತವು. ಅಡಮಾನವೂ ಹೋಯಿತು, ಆದಾಯವೂ ಹೋಯಿತು, ಜಾಮೀನೂ ಹೋಯಿತು. ವಿಜಯಪುರದ ಕಡೆ ಇದೇ ಪಾತ್ರ ಬರಗಾಲಕ್ಕೆ, ಇಲ್ಲವೇ ದ್ರಾಕ್ಷಿ ಒಣಗುವ ಹೊತ್ತಿಗೆ ಬರುವ ಅಕಾಲಿಕ ಮಳೆಗೆ. ತಿಕೋಟಾ, ಬಬಲೇಶ್ವರದಲ್ಲಿ ಒಣದ್ರಾಕ್ಷಿ ರೇಟು ಬಿದ್ದ ವರ್ಷ ಕೋಲ್ಡ್ ಸ್ಟೋರೇಜ್ ತುಂಬಾ ಮಾಲು ಇರುತ್ತದೆ, ಅದರ ಮೇಲೆ ಕೊಟ್ಟ ಸಾಲಕ್ಕೆ ಮಾತ್ರ ಬೆಲೆ ಸಾಲುವುದಿಲ್ಲ.

ಇದಕ್ಕೆ ಎಚ್ಚರದ ಬ್ಯಾಂಕು ಏನು ಮಾಡುತ್ತದೆ? ಸಾಲಪತ್ರದಲ್ಲೂ ಬೇರೆ ಬ್ಯಾಂಕಿನಲ್ಲೂ ಇಟ್ಟ ಆ 35 ರೂಪಾಯಿ ನೆನಪಿಸಿಕೊಳ್ಳಿ. ಮಂದಿ ಅದನ್ನು ಸುಮ್ನೆ ಕೂತ ರೊಕ್ಕ ಅನ್ನುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಬ್ಯಾಂಕಿನ ಹಣದಲ್ಲಿ ಕಬ್ಬಿಗೂ ಹೊಳೆಗೂ ಸಂಬಂಧ ಇಲ್ಲದ ದೊಡ್ಡ ಭಾಗ ಅದು. ಹೊಳೆ ಬಂದ ವರ್ಷವೂ ಅದರ ಬಡ್ಡಿ ಸರಿಯಾದ ದಿನಕ್ಕೆ ಬರುತ್ತದೆ. ಬಡ್ಡಿ ದರ ಏರಿದಾಗ ಸಾಲಪತ್ರದ ಪೇಟೆ ಬೆಲೆ ಸ್ವಲ್ಪ ಇಳಿಯುತ್ತದೆ, ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಅಸಲು ಎಲ್ಲೂ ಹೋಗುವುದಿಲ್ಲ. ಎರಡನೆಯದು, ಸರ್ಕಾರಿ ಮಾಸ್ತರರು, ನರ್ಸುಗಳಂಥ ಸಂಬಳದವರಿಗೆ ಕೊಡುವ ಸಾಲ. ಅವರ ಸಂಬಳ ಬೆಂಗಳೂರಿನ ಖಜಾನೆಯಿಂದ ಬರುತ್ತದೆ, ಕಾರ್ಖಾನೆಯಿಂದ ಅಲ್ಲ. ಮೂರನೆಯದು, ಬೇರೆ ಕಸುಬಿನ ಊರಲ್ಲಿ ಶಾಖೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಯಂತ್ರದ ಬಿಡಿಭಾಗ ಮಾಡುವವನ ಗಿರಾಕಿ ಪುಣೆಯಲ್ಲೋ ಚೆನ್ನೈಯಲ್ಲೋ ಇರುತ್ತಾನೆ. ಕಬ್ಬಿನ ಬಿಲ್ಲು ಬಂತೋ ಇಲ್ಲವೋ ಅವನಿಗೆ ಲೆಕ್ಕಕ್ಕಿಲ್ಲ. ನಾಲ್ಕನೆಯದು, ನಿಮಗೆ ಸಿಟ್ಟು ಬರಿಸಿದ್ದು: ಕಬ್ಬಿನ ಹೊಲ ಇರುವವನಿಗೆ ಅದೇ ಹೊಲದ ಬಲದ ಮೇಲೆ ಮಗ್ಗದ ಸಾಲ ಏರಿಸದೇ ಇರುವುದು.

ಸಾಲ ಕೊಟ್ಟ ಮೇಲಿನ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಕಂತು ತಪ್ಪಿದ ಮೊದಲ ದಿನದಿಂದಲೇ ಖಾತೆಗೆ ಗುರುತು ಬೀಳುತ್ತದೆ. 30 ದಿನ, 60 ದಿನ, 90 ದಿನ ಎಂದು ಮೂರು ಮೆಟ್ಟಿಲು. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೆಳೆ ಸಾಲಕ್ಕೆ ಮಾತ್ರ ಲೆಕ್ಕ ಹಂಗಾಮಿನ ಮೇಲೆ. ಎನ್‌ಪಿಎ ಆದ ಮೇಲೆ ಬರದ ಬಡ್ಡಿಯನ್ನು ಆದಾಯ ಎಂದು ತೋರಿಸುವಂತಿಲ್ಲ. ಮೊದಲ ವರ್ಷ ಸಾಲದ 10 ಪರ್ಸೆಂಟನ್ನು ಲಾಭದಿಂದ ತೆಗೆದಿಡಬೇಕು, ಹಳೆಯದಾದಂತೆ ಈ ಪಾಲು ಏರುತ್ತಾ ಹೋಗುತ್ತದೆ. ಕೆಟ್ಟ ಬ್ಯಾಂಕುಗಳು ಇದರಿಂದ ತಪ್ಪಿಸಿಕೊಳ್ಳಲು ಮಾರ್ಚ್ ಎಂಡ್‌ನಲ್ಲಿ ಹಳೆಯ ಸಾಲಕ್ಕೆ ಹೊಸ ಸಾಲ ಕೊಟ್ಟು ತಿರುವಿ ಹಾಕುತ್ತವೆ. ಮಾರ್ಚ್ 31ಕ್ಕೆ ಎಲ್ಲ ಖಾತೆ ಫಳಫಳ, ಏಪ್ರಿಲ್‌ನಲ್ಲಿ ಮತ್ತೆ ಅದೇ ಹಾಡು. ಒಳ್ಳೆಯ ಬ್ಯಾಂಕಿನ ಮ್ಯಾನೇಜರ್ ಎರಡನೇ ಕಂತು ತಪ್ಪುವ ಮೊದಲೇ ನಿಮ್ಮ ಮಗ್ಗದ ಶೆಡ್ಡಿಗೆ ಬಂದು ಚಹಾ ಕುಡಿದು ಹೋಗುತ್ತಾನೆ. ಮಗ್ಗದ ಸದ್ದು ಕೇಳಿಸಿದರೆ ಅರ್ಧ ವರದಿ ಅಲ್ಲೇ ಮುಗಿಯಿತು. ನಿಮ್ಮ ಸಾಲದ ಖಾತೆಗೆ ವಿಮೆ ಕಂತು ಹಾಕಿದ್ದನ್ನು ನೋಡಿ ರೇಗಬೇಡಿ. ಪಾಲಿಸಿಯಲ್ಲಿ ಬೆಂಕಿಯ ಜೊತೆ ಪ್ರವಾಹವೂ ಸೇರಿದೆಯಾ ಎಂದು ಮಾತ್ರ ಇವತ್ತೇ ನೋಡಿ.

ಬಂಗಾರದ ಸಾಲ ಈ ಬ್ಯಾಂಕುಗಳಿಗೆ ಪ್ರೀತಿಯದ್ದು. ಸ್ವಂತ ಖರ್ಚಿಗೆ ತಗೊಳ್ಳುವ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬೆಲೆಯ 85 ಪರ್ಸೆಂಟ್, ಐದು ಲಕ್ಷದವರೆಗೆ 80, ಅದರ ಮೇಲೆ 75 ಎಂದು ಹೊಸ ನಿಯಮ ಮಿತಿ ಹಾಕಿದೆ. ಇಲ್ಲಿ ಅಪಾಯ ಇರುವುದು ರೇಟಿನಲ್ಲಿ ಕಡಿಮೆ, ಒಡವೆ ಪರೀಕ್ಷೆ ಮಾಡುವ ಸರಾಫನಲ್ಲಿ ಜಾಸ್ತಿ. ಅದಕ್ಕೇ ಬೇರೆ ಸರಾಫನಿಂದ ಆಗಾಗ ಎರಡನೇ ಪರೀಕ್ಷೆ ಮಾಡಿಸುತ್ತಾರೆ.

ಈಗ ನಿಮ್ಮ ಪರವಾಗಿಯೂ ಒಂದು ಮಾತು. ಬಿಗಿ ಕೈ ಎಲ್ಲ ಸಲ ಬುದ್ಧಿವಂತಿಕೆ ಅಲ್ಲ. ಪ್ಲಾಟು ಅಡ ಇಟ್ಟವನಿಗೆ ಕಣ್ಣು ಮುಚ್ಚಿ ಕೊಟ್ಟು, ದುಡಿಯುವ ಮಗ್ಗದವನನ್ನು ತಿಂಗಳುಗಟ್ಟಲೆ ಓಡಾಡಿಸುವುದು ಸೋಮಾರಿತನ. ಸಾಲ ತೀರುವುದು ದಿನದ ಆದಾಯದಿಂದ, ಪ್ಲಾಟು ಮಾರಿ ತೀರಿಸುವ ಹಂತ ಬಂದರೆ ಇಬ್ಬರೂ ಸೋತ ಹಾಗೆ. ನಿಮ್ಮ ಬ್ಯಾಂಕು ಹೊಸ ಮಗ್ಗದ ಆದಾಯವನ್ನು ಲೆಕ್ಕಕ್ಕೇ ತಗೊಂಡಿಲ್ಲ ಎಂದು ಕಾಣುತ್ತದೆ. ಅದು ಅತಿಯಾಯಿತು. ಇಲ್ಲಿ ನೀವು ಜಗಳ ಮಾಡಬಹುದು, ಆದರೆ ಕಾಗದ ಹಿಡಿದು ಮಾಡಿ. ವ್ಯಾಪಾರಿಯಿಂದ ಆರ್ಡರ್ ಪತ್ರ, ಜಿಎಸ್‌ಟಿ ರಿಟರ್ನ್, ನೂಲಿನ ಬಿಲ್ಲುಗಳು, ಕರೆಂಟು ಬಿಲ್. ಮಗ್ಗ ಎಷ್ಟು ತಾಸು ಓಡುತ್ತದೆ ಎಂದು ಮೀಟರು ಸುಳ್ಳು ಹೇಳುವುದಿಲ್ಲ.

ಸೌಹಾರ್ದದ ವಿಷಯ. ಸೌಹಾರ್ದ ಸಹಕಾರಿಗಳು 1997ರ ಕರ್ನಾಟಕ ಕಾಯ್ದೆಯಡಿ ನಡೆಯುತ್ತವೆ. ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ಆದರೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದ ಕಡೆ ಠೇವಣಿ ವಿಮೆಯೂ ಇಲ್ಲ. ನಿಮ್ಮ ಪಟ್ಟಣ ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಇದು ಒಂದೇ ಲಕ್ಷ ಇತ್ತು. 9 ಲಕ್ಷಕ್ಕೆ ಒಂದೂವರೆ ಪರ್ಸೆಂಟ್ ಅಂದರೆ ವರ್ಷಕ್ಕೆ 13,500 ರೂಪಾಯಿ. ತಿಂಗಳಿಗೆ ಸಾವಿರ ಚಿಲ್ಲರೆ ಆಸೆಗೆ 9 ಲಕ್ಷವನ್ನೂ ವಿಮೆಯ ಹೊರಗೆ ಇಡುತ್ತೀರಾ? ನಾನಾದರೆ ಇಡುವುದಿಲ್ಲ. ಇಲ್ಲಿ ಒಂದು ವಿಚಿತ್ರ ಇದೆ. ದುರ್ಬಲ ಸಂಸ್ಥೆಯಿಂದ ಸಾಲ ತಗೊಂಡರೆ ಅಪಾಯ ಅವರದ್ದು, ಅಲ್ಲಿ ಠೇವಣಿ ಇಟ್ಟರೆ ಅಪಾಯ ನಿಮ್ಮದು. ಅವರು ಸಾಲದ ಆಸೆ ತೋರಿಸಿ ಕೇಳುತ್ತಿರುವುದು ಠೇವಣಿಯನ್ನು. ಆ ಕ್ರಮದಲ್ಲೇ ಉತ್ತರ ಇದೆ. ಮೂರು ದಿನದಲ್ಲಿ ಸಾಲ ಅಂದರೆ ನಿಮ್ಮ ಬಗ್ಗೆ ಅವರು ಮೂರು ದಿನ ಮಾತ್ರ ವಿಚಾರಿಸುತ್ತಾರೆ. ಉಳಿದ ಸಾಲಗಾರರ ಬಗ್ಗೆಯೂ ಅಷ್ಟೇ ವಿಚಾರಿಸಿರುತ್ತಾರೆ.

ಹಳೆಯ ಬ್ಯಾಂಕು ಎಂಬ ಕಾರಣಕ್ಕೆ ನಿಮ್ಮದನ್ನೂ ಕುರುಡಾಗಿ ನಂಬಬೇಡಿ. ನೀವು ಸದಸ್ಯರು. ವಾರ್ಷಿಕ ಸಭೆಗೆ ಹಂಚುವ ವರದಿಯನ್ನು ಊಟದ ಕೂಪನ್ನಿನ ಜೊತೆ ಎಸೆಯಬೇಡಿ. ಅದರಲ್ಲಿ ನಿವ್ವಳ ಎನ್‌ಪಿಎ, ಅಂದರೆ ಲಾಭದಿಂದ ತೆಗೆದಿಟ್ಟದ್ದನ್ನು ಕಳೆದು ಉಳಿಯುವ ಕೆಟ್ಟ ಸಾಲ, 3 ಪರ್ಸೆಂಟಿನ ಒಳಗಿದೆಯಾ ನೋಡಿ. ಉತ್ತಮ ಬ್ಯಾಂಕು ಎಂದು ರಿಸರ್ವ್ ಬ್ಯಾಂಕು ಗುರುತಿಸುವಾಗ ನೋಡುವ ಅಳತೆಗಳಲ್ಲಿ ಇದೂ ಒಂದು. ಸಿಆರ್‌ಎಆರ್, ಅಂದರೆ ಸಾಲಗಳಿಗೆ ಎದುರಾಗಿ ಬ್ಯಾಂಕಿನ ಸ್ವಂತ ಬಂಡವಾಳ, 12 ಪರ್ಸೆಂಟ್ ಮೇಲಿರಬೇಕು. 100 ಕೋಟಿಯೊಳಗಿನ ಠೇವಣಿಯ ಸಣ್ಣ ಬ್ಯಾಂಕಿಗೆ 9 ಸಾಕು ಎಂದು ನಿಯಮ ಹೇಳುತ್ತದೆ, ನಾನು ಮಾತ್ರ 12ನ್ನೇ ಹುಡುಕುತ್ತೇನೆ. ನಿರ್ದೇಶಕರಿಗೂ ಅವರ ಸಂಬಂಧಿಕರಿಗೂ ಸಾಲ ಕೊಡುವಂತಿಲ್ಲ, ತಮ್ಮದೇ ಠೇವಣಿ, ವಿಮೆ ಪಾಲಿಸಿ ಮೇಲಿನದ್ದು ಬಿಟ್ಟು. ಬೇನಾಮಿ ಹೆಸರಿನ ಗುಸುಗುಸು ಇದ್ದರೆ ಸಭೆಯಲ್ಲಿ ಎದ್ದು ಕೇಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತೇನೆ. 12 ಲಕ್ಷಕ್ಕೆ ಸಹಿ ಹಾಕಿ ಈಗ ಎರಡೇ ಮಗ್ಗ ತರಿಸುತ್ತೇನೆ. ಉಳಿದ ಹಣವನ್ನು ಪೂರ್ತಿ ಎತ್ತುವುದಿಲ್ಲ, ಎತ್ತಿದಷ್ಟಕ್ಕೇ ಬಡ್ಡಿ ಬೀಳಲಿ. ನೂಲಿಗೆ ಬೇಕಾದ ಓಡಾಟದ ಹಣಕ್ಕೆ ಸಣ್ಣದೊಂದು ಕ್ಯಾಶ್ ಕ್ರೆಡಿಟ್ ಕೇಳುತ್ತೇನೆ. ಅದು ಸಿಗದಿದ್ದರೆ ಠೇವಣಿ ಮುರಿಸದೆ ಅದರ ಮೇಲೆ ಸಾಲ ಎತ್ತುತ್ತೇನೆ. ಆ ಸಾಲಕ್ಕೆ ಜಾಮೀನುದಾರರೂ ಬೇಡ, ಓಡಾಟವೂ ಬೇಡ, ಬಡ್ಡಿಯೂ ಠೇವಣಿಗಿಂತ ಒಂದೆರಡು ಪರ್ಸೆಂಟ್ ಮಾತ್ರ ಜಾಸ್ತಿ ಇರುತ್ತದೆ. ಒಂದೇ ಹೆಸರಲ್ಲಿರುವ 9 ಲಕ್ಷದಲ್ಲಿ 5ರ ಮೇಲಿನದ್ದನ್ನು ಅವಧಿ ಮುಗಿದ ಮೇಲೆ ಮನೆಯವರ ಹೆಸರಿಗೆ, ಇಲ್ಲವೇ ಲೈಸೆನ್ಸ್ ಇರುವ ಇನ್ನೊಂದು ಬ್ಯಾಂಕಿಗೆ ಹಾಕುತ್ತೇನೆ. ಒಂದು ವರ್ಷ ಕಂತು ತಪ್ಪದೆ ಕಟ್ಟಿ, ಎರಡು ಹೊಸ ಮಗ್ಗದ ಕರೆಂಟು ಬಿಲ್ಲು, ಜಿಎಸ್‌ಟಿ ರಿಟರ್ನ್ ತಗೊಂಡು ಅದೇ ಮ್ಯಾನೇಜರ್ ಮುಂದೆ ಕೂತು ಉಳಿದ ಎರಡು ಮಗ್ಗದ ಮಾತು ತೆಗೆಯುತ್ತೇನೆ. ಆಗಲೂ ಆದಾಯದ ಲೆಕ್ಕ ನೋಡದೆ ಪ್ಲಾಟಿನ ಉತಾರವನ್ನೇ ಕೇಳಿದರೆ, ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಅರ್ಜಿ ಬರೆಯುತ್ತೇನೆ.